1911 ಇನ್ನೂ ಯಾಕೆ? ಹಳೇ ಸೆಮಿ ಆಟೋಮ್ಯಾಟಿಕ್ ಪಿಸ್ತೂಲುಗಳ ಬಗ್ಗೆ ಒಂದು ಚರ್ಚೆ

ಹತ್ತರ_ಉಂಗುರ:
ನನ್ನ ಸ್ಪರ್ಧೆ 25 ಮೀಟರ್ ಸ್ಪೋರ್ಟ್ ಪಿಸ್ತೂಲು, .22. ನಮ್ಮ ಲೈನಿನಲ್ಲಿ ಎಡಕ್ಕೆ ನೋಡಿದರೂ ಬಲಕ್ಕೆ ನೋಡಿದರೂ ಪಾರ್ಡಿನಿ, ವಾಲ್ಥರ್, ಮೊರಿನಿ. 1911, ಅಂದರೆ ಅಮೆರಿಕದ ಸೇನೆಯ ಆ ಹಳೇ .45 ಪಿಸ್ತೂಲು, ಒಂದೂ ಕಾಣಲ್ಲ. ಆದರೆ ಅಮೆರಿಕದ ಶೂಟರ್‌ಗಳ ಮಾತು ಕೇಳಿದರೆ ನೂರು ವರ್ಷ ದಾಟಿದ ಆ ಡಿಸೈನ್ ಬಿಟ್ಟು ಬೇರೆ ಲೋಕವೇ ಇಲ್ಲ ಅನ್ನೋ ಹಾಗಿದೆ. ಬೆಲ್ಜಿಯಂನ ಹೈ-ಪವರ್, ಚೆಕ್ ದೇಶದ ಸಿಝೆಡ್ 75 ಪಿಸ್ತೂಲು ಅಂದರೂ ಹಾಗೇ ಕಣ್ಣರಳಿಸ್ತಾರೆ. ಇದು ಹಳೇದರ ಮೇಲಿನ ಮೋಹವಾ, ಅಥವಾ ಗುಂಡು ಹೊಡೆಯುವಾಗ ಕೈಗೆ ಸಿಗುವಂಥ ಲಾಭ ಏನಾದರೂ ಇದೆಯಾ? ದಯವಿಟ್ಟು "ಅದರ ಗತ್ತೇ ಬೇರೆ" ಅನ್ನೋ ಉತ್ತರ ಬೇಡ. ಯಾವ ಭಾಗ, ಏನು ಕೆಲಸ, ಎಲ್ಲಿ ಕೈಕೊಡುತ್ತೆ, ಅಷ್ಟು ಹೇಳಿ.

ಒಹಾಯೋ_ಹೆಗಡೆ:
ನಿಮ್ಮ ಲೈನಿನಲ್ಲಿ ಕಾಣದೇ ಇರೋದಕ್ಕೆ ಕಾರಣ ಸರಳ, ಮೇಡಂ. ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ ಐಎಸ್‌ಎಸ್‌ಎಫ್‌ನ ಸೆಂಟರ್ ಫೈರ್ ಸ್ಪರ್ಧೆಯಲ್ಲಿ ಕ್ಯಾಲಿಬರ್ 7.62ರಿಂದ 9.65 ಮಿಲಿಮೀಟರ್ ಒಳಗಿರಬೇಕು. .45 ಅಂದರೆ 11.43. ಬಾಗಿಲಲ್ಲೇ ತಡೀತಾರೆ. ಅದಕ್ಕೇ ಅಲ್ಲಿ ಎಲ್ಲರೂ .32 ವಾಡ್‌ಕಟರ್ (ಚಪ್ಪಟೆ ಮೂತಿಯ ಗುಂಡಿನ) ಪಿಸ್ತೂಲು ಹಿಡಿದಿರ್ತಾರೆ.

ಅಮೆರಿಕದ ಬುಲ್ಸ್‌ಐ ಗುರಿ ಸ್ಪರ್ಧೆಯ ಲೆಕ್ಕ ಬೇರೆ. 2700 ಅಂತ ಕರೆಯೋ ಸ್ಪರ್ಧೆಯಲ್ಲಿ ಮೂರು ಸುತ್ತು: .22, ಸೆಂಟರ್ ಫೈರ್, .45. ಒಂದೊಂದಕ್ಕೂ 90 ಗುಂಡು, 900 ಅಂಕ. ಸೆಂಟರ್ ಫೈರ್‌ಗೆ ಬೇರೆ ಪಿಸ್ತೂಲು ಕೊಳ್ಳೋ ಬದಲು ಬಹಳ ಜನ .45ನ್ನೇ ಎರಡು ಸಲ ಹೊಡೀತಾರೆ. ಅಲ್ಲಿಗೆ 2700ರಲ್ಲಿ 1800 ಅಂಕ ಒಂದೇ 1911 ಮೇಲೆ ನಿಂತಿರುತ್ತೆ. ಸ್ಲೋ ಫೈರ್ 50 ಗಜದಿಂದ, ಒಂದೇ ಕೈಯಲ್ಲಿ, 10 ಗುಂಡಿಗೆ 10 ನಿಮಿಷ. ಆ ಗುರಿಹಲಗೆಯಲ್ಲಿ ಹತ್ತರ ಉಂಗುರದ ವ್ಯಾಸ 3.36 ಇಂಚು. ಆಮೇಲೆ 25 ಗಜಕ್ಕೆ ಬಂದು ಟೈಮ್ಡ್, 5 ಗುಂಡಿಗೆ 20 ಸೆಕೆಂಡ್. ರಾಪಿಡ್, 5 ಗುಂಡಿಗೆ 10 ಸೆಕೆಂಡ್.

ಇಲ್ಲಿ ಕೈಗೆ ಸಿಗೋ ಲಾಭ ಅಂದರೆ ಟ್ರಿಗರ್. ಉಳಿದ ಬಹುತೇಕ ಪಿಸ್ತೂಲುಗಳಲ್ಲಿ ಟ್ರಿಗರ್ ಒಂದು ಪಿನ್ನಿನ ಮೇಲೆ ತೂಗುತ್ತೆ, ಅಂದರೆ ಬೆರಳು ಕಮಾನಿನಲ್ಲಿ ಚಲಿಸಬೇಕು. ಬೆರಳು ಟ್ರಿಗರ್‌ನ ಮೇಲ್ತುದಿಯಲ್ಲಿದ್ದರೆ ಒಂದು ತೂಕ, ಕೆಳತುದಿಯಲ್ಲಿದ್ದರೆ ಇನ್ನೊಂದು ತೂಕ. 1911ರಲ್ಲಿ ಟ್ರಿಗರ್ ಫ್ರೇಮಿನೊಳಗಿನ ತೋಡಿನಲ್ಲಿ ನೇರ ಹಿಂದಕ್ಕೆ ಜಾರುತ್ತೆ. ಅದರ ಹಿಂದೆ ಒಂದು ತೆಳು ಉಕ್ಕಿನ ಚೌಕಟ್ಟು ಮ್ಯಾಗಜೀನನ್ನು ಎರಡೂ ಕಡೆಯಿಂದ ಬಳಸಿ ಹಿಂದೆ ಬಂದು ಡಿಸ್ಕನೆಕ್ಟರ್ ಅನ್ನೋ ಸಣ್ಣ ಕೊಂಡಿಯನ್ನು ತಳ್ಳುತ್ತೆ, ಡಿಸ್ಕನೆಕ್ಟರ್ ಸಿಯರ್‌ನ ಕಾಲನ್ನು ತಳ್ಳುತ್ತೆ, ಸಿಯರ್, ಅಂದರೆ ಎತ್ತಿದ ಸುತ್ತಿಗೆಯನ್ನು (ಹ್ಯಾಮರ್) ತಡೆದಿಡೋ ಕೊಂಡಿ, ಹ್ಯಾಮರ್ ಕೊಕ್ಕೆಯಿಂದ ಜಾರುತ್ತೆ. ಮುಗೀತು. ನಡುವೆ ಉದ್ದನೆಯ ಸರಳು, ಸನ್ನೆ ಏನೂ ಇಲ್ಲ. ಬೆರಳು ಎಲ್ಲಿಟ್ಟರೂ ಅದೇ ತೂಕ, ಒಡೆಯೋ ಜಾಗ ಅದೇ. ನಿಯಮದಂತೆ ಬುಲ್ಸ್‌ಐ .45ಕ್ಕೆ ಕನಿಷ್ಠ 3.5 ಪೌಂಡ್, ಸರ್ವಿಸ್ ಪಿಸ್ತೂಲು ಪಂದ್ಯಕ್ಕೆ 4 ಪೌಂಡ್. 4 ಪೌಂಡ್ ಕೇಳೋಕೆ ಭಾರ. ಆದರೆ ಮುಂಚೆ ಎಳೆದಾಟ ಇಲ್ಲದೆ ಒಮ್ಮೆಲೇ ಒಡೆದರೆ ಎಳೆದಾಡೋ 2 ಪೌಂಡಿಗಿಂತ ಗುರಿ ನಿಲ್ಲುತ್ತೆ.

ಪ್ಲಾಸ್ಟಿಕ್_ಪಕ್ಷ:
ಹೆಗಡೆ ಸರ್, ಟ್ರಿಗರ್ ಒಪ್ಪಿದೆ. ಬಾಕಿ? ಖಾಲಿ ತೂಕವೇ 1.1 ಕೆಜಿ, ಮ್ಯಾಗಜೀನ್‌ನಲ್ಲಿ 7 ಗುಂಡು, ಬಿಚ್ಚೋಕೆ ಬ್ಯಾರೆಲ್ ಮೂತಿಯ ಬುಷಿಂಗ್ (ಬಳೆ) ತಿರುಗಿಸಬೇಕು, ಸ್ಪ್ರಿಂಗ್ ಹಾರಿ ಸೀಲಿಂಗಿಗೆ ಹೊಡೆಯುತ್ತೆ. ಒಂದು ಭಾಗ ಬದಲಿಸಬೇಕಾದರೆ ಫೈಲ್ ಹಿಡಿದು ಕೂರಬೇಕು. 1982ರಲ್ಲಿ ಬಂದ ಗ್ಲಾಕ್ 17ರಲ್ಲಿ 17 ಗುಂಡು, ಭಾಗ ತೆಗೆದು ಭಾಗ ಹಾಕಿದರೆ ಕೆಲಸ ಆಯ್ತು. ಅಮೆರಿಕದ ಸೇನೆಯೇ 1985ರಲ್ಲಿ 1911ನ್ನು ಬಿಟ್ಟು ಬೆರೆಟ್ಟಾ ತಗೊಂಡಿತು. ಅವರಿಗೇ ಬೇಡವಾಗಿದ್ದು ನಿಮಗೆ ಯಾಕೆ?

ಒಹಾಯೋ_ಹೆಗಡೆ:
5 ಗುಂಡಿನ ಸರಣಿಗೆ 17 ಗುಂಡಿನ ಮ್ಯಾಗಜೀನ್ ಯಾಕೆ ಸ್ವಾಮಿ? 1.1 ಕೆಜಿ ಭಾರ ಇರೋದರಿಂದಲೇ ಒಂದು ಕೈಯಲ್ಲಿ .45 ಹೊಡೆದು 2 ಸೆಕೆಂಡಿನೊಳಗೆ ಮತ್ತೆ ಗುರಿಗೆ ಬರೋಕೆ ಆಗೋದು. ಸೊಂಟಕ್ಕೆ ಕಟ್ಟಿಕೊಂಡು ದಿನವಿಡೀ ಓಡಾಡೋ ಪೊಲೀಸಿಗೆ ಅದೇ ಭಾರ ಶಾಪ, ಒಪ್ಪುತ್ತೇನೆ. ಇನ್ನು ಫೈಲ್ ಹಿಡಿಯೋ ವಿಚಾರಕ್ಕೆ ಫಿಟ್ಟರ್ ಅವರೇ ಬರಲಿ.

ಡಲ್ಲಾಸ್_ಫಿಟ್ಟರ್:
ಬಂದೇನ್ರೀ. ಈ "ಕೈಯಿಂದ ತಿಕ್ಕಿ ಕೂರಿಸಬೇಕು" ಅನ್ನೂ ಮಾತು ಅರ್ಧ ಖರೆ, ಅರ್ಧ ಸುಳ್ಳು. ಜಾನ್ ಬ್ರೌನಿಂಗ್ ಮಾಡಿದ್ದು ಸಿಪಾಯಿ ಪಿಸ್ತೂಲು. 1910ರ ಸೇನಾ ಪರೀಕ್ಷೆಯೊಳಗ 6000 ಗುಂಡು ಹಾರಿಸಿದರೂ ಒಂದು ಸಲಾನೂ ಕೈಕೊಡಲಿಲ್ಲ, 1911ರ ಮಾರ್ಚ್ 29ಕ್ಕ ಸೇನೆ ಒಪ್ಪಿತು. ಎರಡನೇ ಮಹಾಯುದ್ಧದಾಗ ಇದನ್ನ ಭಾಳ ಮಾಡಿದವರು ಯಾರು ಗೊತ್ತೈತೇನ್ರಿ? ಟೈಪ್‌ರೈಟರ್ ಮಾಡೂ ರೆಮಿಂಗ್ಟನ್ ರ‍್ಯಾಂಡ್. 8 ಲಕ್ಷಕ್ಕಿಂತ ಹೆಚ್ಚು ತೆಗೆದರು. ರೈಲ್ವೆ ಸಿಗ್ನಲ್ ಮಾಡೂ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್ಲೂ ಮಾಡ್ತು. ಹೊಲಿಗೆ ಯಂತ್ರದ ಸಿಂಗರ್ 500 ಮಾಡಿ ಬಿಟ್ಟಿತು, ಅವು ಈಗ ಸಂಗ್ರಹಕಾರರ ಕೈಯಾಗ ಬಂಗಾರಕ್ಕಿಂತ ತುಟ್ಟಿ. ಇಷ್ಟೆಲ್ಲಾ ಕಾರ್ಖಾನಿಯ ಭಾಗ ಒಂದಕ್ಕೊಂದು ಕೂಡೂ ಹಂಗ ಅಳತಿ ಇಟ್ಟಿದ್ದರು. ಆ ಪಿಸ್ತೂಲು ಅಲುಗಾಡಿಸಿದರ ಗಡಗಡ ಅಂತಿತ್ತು, ಆದರ ಕೆಸರಿನಾಗ ಬಿದ್ದರೂ ನಡೀತಿತ್ತು.

ಬಿಗಿ ಕೂರಿಸೂದು ಆಮೇಲೆ ಸ್ಪರ್ಧೆಯವರು ಹಚ್ಚಿಕೊಂಡ ಚಟ. ಅವರಿಗೆ 50 ಗಜಕ್ಕ ಎರಡು ಇಂಚಿನೊಳಗ ಗುಂಪು ಬೇಕು. ಅದಕ್ಕ ಬುಷಿಂಗ್ ಬಿಗಿ, ಸ್ಲೈಡ್ (ಫ್ರೇಮಿನ ಮ್ಯಾಲೆ ಹಿಂದ-ಮುಂದ ಓಡೂ ಭಾಗ) ಬಿಗಿ, ಬ್ಯಾರೆಲ್ ಹುಡ್ ಬಿಗಿ. ಕಿರಿಕಿರಿ ಶುರು ಆಗೂದು ಅಲ್ಲೇ. ಈಗ ಕಡಿಮಿ ದರದ ಫಿಲಿಪ್ಪೀನ್ಸ್, ಟರ್ಕಿ ಪಿಸ್ತೂಲು ತಗೊಂಡು ಅದರಾಗ ಬಿಗಿ ಮ್ಯಾಚ್ ಬ್ಯಾರೆಲ್ ತುರುಕಿದರ ಎರಡೂ ಕೆಡ್ತಾವ. "ಡ್ರಾಪ್ ಇನ್" ಅಂತ ಡಬ್ಬಿ ಮ್ಯಾಲೆ ಬರೆದದ್ದನ್ನ ನಂಬಬ್ಯಾಡ್ರಿ.

ಕೆಟ್ಟದ್ದು ಯಾವುದು ಅಂತ ಹುಡುಕೂ ಕ್ರಮ ಹೇಳ್ತೀನಿ. ಮೊದಲು ಮ್ಯಾಗಜೀನ್. 1911ರ ಗುಂಡು ಸಿಕ್ಕಿಬೀಳೂ ದೂರಿನಾಗ ಭಾಳಷ್ಟು ಅಲ್ಲೇ ಮುಗೀತಾವ. ಪ್ರತಿ ಮ್ಯಾಗಜೀನಿನ ತಳಕ್ಕ ಮಾರ್ಕರ್‌ಲೆ ನಂಬರ್ ಬರೀರಿ. ಸಿಕ್ಕಿಬಿದ್ದಾಗೆಲ್ಲ 3ನೇ ನಂಬರಾ ಇದ್ದರ ಅದನ್ನ ಕಸಕ್ಕ ಹಾಕ್ರಿ, ಪಿಸ್ತೂಲಿಗೆ ಕೈ ಹಚ್ಚಬ್ಯಾಡ್ರಿ. ಹಳೇ ಸೇನಾ ಮ್ಯಾಗಜೀನಿನ ಫಾಲೋವರ್ (ಗುಂಡನ್ನ ಮ್ಯಾಲೆ ತಳ್ಳೂ ತಗಡು) ಮ್ಯಾಲೆ ಒಂದು ಸಣ್ಣ ಗುಬ್ಬಿ ಇರ್ತೈತಿ, ನೋಡೀರೇನು? ಕಡೇ ಗುಂಡು ಹೊಡೆತಕ್ಕ ಮುಂದ ಜಾರಬಾರದು ಅಂತ ಹಿಡಿಯೂದು ಅದಾ. ಗುಬ್ಬಿ ಇಲ್ಲದ ಚಪ್ಪಟಿ ಫಾಲೋವರ್ ಹಾಕಿದರ ಕಡೇ ಗುಂಡು ತಾನಾ ಮುಂದ ಜಿಗೀತೈತಿ, ಎಕ್ಸ್‌ಟ್ರಾಕ್ಟರ್ (ಖಾಲಿ ಕೇಸ್ ಹಿಡಿದು ಎಳಿಯೂ ಕೊಕ್ಕಿ) ಮುಂದ ಹೋಗಿ ನಿಲ್ತೈತಿ. ಆಗ ಸ್ಲೈಡ್ ಬಂದು ಬಡಿದು ಎಕ್ಸ್‌ಟ್ರಾಕ್ಟರ್ ಕೊಕ್ಕಿ ಒಡೀತೈತಿ.

ಎರಡನೇದು ಎಕ್ಸ್‌ಟ್ರಾಕ್ಟರ್. ಇದಕ್ಕ ಬ್ಯಾರೆ ಸ್ಪ್ರಿಂಗ್ ಇಲ್ರೀ, ಅದಾ ಸ್ಪ್ರಿಂಗ್ ಉಕ್ಕಿನ ಕಡ್ಡಿ, ಅದರ ಬಾಗಾ ಅದರ ಬಲ. ಪರೀಕ್ಷೆ ಹಿಂಗ: ಸ್ಲೈಡ್ ಬಿಚ್ಚಿ, ಬ್ಯಾರೆಲ್ ತೆಗೆದು, ಒಂದು ಡಮ್ಮಿ ರೌಂಡಿನ ಅಂಚನ್ನ ಕೆಳಗಿನಿಂದ ಕೊಕ್ಕಿ ಕೆಳಗ ಜಾರಿಸ್ರಿ. ಬೆರಳಿನಿಂದ ತಳ್ಳಿದರ ಹೋಗಬೇಕು. ಸ್ಲೈಡ್ ಮೆಲ್ಲಕ ಅಲುಗಿಸಿದರ ಬೀಳಬಾರದು. ಬಿದ್ದರ ಸಡಿಲ, ಹೋಗಲಿಲ್ಲ ಅಂದರ ಬಿಗಿ. ಗೇಜ್ ಇದ್ದವರು 20ರಿಂದ 30 ಔನ್ಸಿನ ಒಳಗ ಇಡ್ತಾರ. ಸಡಿಲ ಇದ್ದರ ಖಾಲಿ ಕೇಸ್ ಚೇಂಬರಿನಾಗ (ಬ್ಯಾರೆಲ್ಲಿನಾಗ ಗುಂಡು ಕೂರೂ ಜಾಗ) ಉಳೀತೈತಿ ಇಲ್ಲಾ ಸ್ಲೈಡಿಗೆ ಸಿಕ್ಕಿ ನಿಂತು ಬಿಡ್ತೈತಿ. ಬಿಗಿ ಇದ್ದರ ಸ್ಲೈಡ್ ಕಡೇ ಸ್ವಲ್ಪ ದಾರಿ ಮುಚ್ಚೂದಿಲ್ಲ.

ಇದರಾಗ ಒಂದು ಕಳ್ಳ ಕಾರಣ ಐತಿ. ಎಕ್ಸ್‌ಟ್ರಾಕ್ಟರನ್ನ ಹಿಂದ ಹಿಡಿದಿಡೂದು ಫೈರಿಂಗ್ ಪಿನ್ ಸ್ಟಾಪ್ ಅನ್ನೂ ಸಣ್ಣ ತಗಡು. ಅದು ಸಡಿಲ ಇದ್ದರ ಎಕ್ಸ್‌ಟ್ರಾಕ್ಟರ್ ತನ್ನ ಸುತ್ತ ತಾನಾ ತಿರುಗತೈತಿ. ಬಾಗು ಸರಿ ಇದ್ದರೂ ಕೇಸ್ ಒಮ್ಮೆ ಬಲಕ್ಕ, ಒಮ್ಮೆ ನೆತ್ತಿ ಮ್ಯಾಲೆ. 1983ರ ಮ್ಯಾಲಿನ ಸೀರೀಸ್ 80 ಕೋಲ್ಟ್ ಇದ್ದರ ಇನ್ನೂ ತ್ರಾಸು, ಯಾಕಂದರ ತಿರುಗಿದ ಎಕ್ಸ್‌ಟ್ರಾಕ್ಟರ್ ಫೈರಿಂಗ್ ಪಿನ್ ತಡಿಯೂ ಪ್ಲಂಜರನ್ನೂ ಹಿಡಿದು ಬಿಡ್ತೈತಿ. ಸ್ವಲ್ಪ ದಪ್ಪ ಸ್ಟಾಪ್ ತಂದು ಅಳತಿಗೆ ತಿಕ್ಕಿ ಕೂರಿಸಿದರ ಮುಗೀತು. ಹತ್ತು ನಿಮಿಷದ ಕೆಲಸಕ್ಕ ಜನ ಎಕ್ಸ್‌ಟ್ರಾಕ್ಟರ್ ಬಾಗಿಸಿ ಬಾಗಿಸಿ ಮುರೀತಾರ.

ಹತ್ತರ_ಉಂಗುರ:
ಇದು ಬೇಕಾಗಿದ್ದ ಉತ್ತರ. ಒಂದು ಅನುಮಾನ: ಒಂದೇ ಗುಂಡು ಕೈಯಿಂದ ಚೇಂಬರಿಗೆ ಹಾಕಿ ಸ್ಲೈಡ್ ಬಿಡಬಾರದು ಅಂತಾರಲ್ಲ, ಅದೂ ಎಕ್ಸ್‌ಟ್ರಾಕ್ಟರ್ ಕಾರಣಕ್ಕೇನಾ? ಮತ್ತೆ ರಿಕಾಯ್ಲ್ ಸ್ಪ್ರಿಂಗ್ ಎಷ್ಟು ಪೌಂಡ್ ಇರಬೇಕು ಅನ್ನೋದಕ್ಕೆ ಲೆಕ್ಕ ಇದೆಯಾ?

ಡಲ್ಲಾಸ್_ಫಿಟ್ಟರ್:
ಹೌದ್ರೀ, ಅದಕ್ಕಾ. ಮ್ಯಾಗಜೀನಿನಿಂದ ಬರೂ ಗುಂಡಿನ ಅಂಚು ಕೆಳಗಿನಿಂದ ಕೊಕ್ಕಿ ಒಳಗ ಜಾರತೈತಿ. ಕೈಯಿಂದ ಚೇಂಬರಿಗೆ ಹಾಕಿದರ ಕೊಕ್ಕಿ ಅಂಚಿನ ಮ್ಯಾಲೆ ಹಾರಿ ಹಿಡೀಬೇಕು. ಅದಕ್ಕ ಮಾಡಿದ್ದಲ್ಲ ಅದು. ಒಂದಾ ಗುಂಡು ಹೊಡಿಯೂದಿದ್ದರೂ ಮ್ಯಾಗಜೀನಿನಾಗ ಹಾಕಿ ಹೊಡೀರಿ.

ಸ್ಪ್ರಿಂಗ್: 5 ಇಂಚಿನ ಪೂರ್ಣ ಅಳತಿ .45ಕ್ಕ 16 ಪೌಂಡ್, 230 ಗ್ರೇನ್ (ಗುಂಡಿನ ತೂಕದ ಅಳತಿ) ಹಾರ್ಡ್‌ಬಾಲ್, ಅಂದರ ಸೇನಾ ದುಂಡು ಮೂತಿ ಗುಂಡಿನ ಲೆಕ್ಕಕ್ಕ. ಹ್ಯಾಮರ್ ಹಿಂದಿನ ಮೇನ್‌ಸ್ಪ್ರಿಂಗ್ 23 ಪೌಂಡ್. 4.25 ಇಂಚಿನ ಗಿಡ್ಡ ಕಮಾಂಡರ್ ಮಾದರಿಗೆ 18ರ ಆಸುಪಾಸು. ಹಗುರ 185 ಗ್ರೇನ್ ಟಾರ್ಗೆಟ್ ಗುಂಡಿಗೆ 12ರಿಂದ 14. ಖಾಲಿ ಕೇಸ್ 4ರಿಂದ 8 ಅಡಿ ದೂರ ಬಿದ್ದರ ಸಮ. ಪಕ್ಕದ ಬೂತಿನವರ ತಲಿ ದಾಟಿ ಹೋದರ ಸ್ಪ್ರಿಂಗ್ ಸೋತೈತಿ, ಸ್ಲೈಡ್ ಫ್ರೇಮನ್ನ ಗುದ್ದಾಕತ್ತೈತಿ. ಕಾಲಾಗ ಬಿದ್ದರ, ಕಡೇ ಗುಂಡಿನ ನಂತರ ಸ್ಲೈಡ್ ನಿಲ್ಲಲಿಲ್ಲಂದರ ಸ್ಪ್ರಿಂಗ್ ಭಾಳ ಬಿಗಿ. "ಭಾರೀ ಸ್ಪ್ರಿಂಗ್ ಹಾಕಿದರ ಫ್ರೇಮ್ ಉಳೀತೈತಿ" ಅನ್ನೂ ಮಂದಿಗೆ ಒಂದು ಮಾತು: ಹಿಂದ ಹೋಗೂ ಪೆಟ್ಟು ಕಡಿಮಿ ಆಗ್ತೈತಿ, ಮುಂದ ಬರೂ ಪೆಟ್ಟು ಹೆಚ್ಚಾಗ್ತೈತಿ. ಆ ಪೆಟ್ಟು ತಿನ್ನೂದು ಸ್ಲೈಡ್ ಸ್ಟಾಪಿನ ಪಿನ್ನು, ಬ್ಯಾರೆಲ್ ಕಾಲು. 2000-3000 ಗುಂಡಿಗೊಮ್ಮೆ ಬದಲಿಸಿ ಬಿಡ್ರಿ, ತುಟ್ಟಿ ಅಲ್ಲ ಅದು. ಹೊಸದನ್ನ ಪಕ್ಕಕ್ಕಿಟ್ಟು ನೋಡಿದರ ಹಳೇದು ಎಷ್ಟು ಕುಗ್ಗೈತಿ ಅಂತ ಕಣ್ಣಿಗೇ ಕಾಣತೈತಿ.

ಮಾಜಿ_ಆರ್ಮರರ್:
ಎಲ್ಲರೂ 1911 ಬಗ್ಗೆಯೇ ಮಾತಾಡ್ತಾ ಇದ್ದೀರಿ. ಭಾರತೀಯ ಸೇನೆಯ ಕೈಯಲ್ಲಿರೋ ಹಳೇ ಡಿಸೈನ್ ಹೈ-ಪವರ್. ಇಶಾಪುರದ ರೈಫಲ್ ಫ್ಯಾಕ್ಟರಿಯ "ಪಿಸ್ತೂಲು ಆಟೋ 9 ಎಂಎಂ 1ಎ" ಅದೇ ವಂಶದ್ದು, ಕೆನಡಾದ ಇಂಗ್ಲಿಸ್ ಕಂಪನಿ ಯುದ್ಧಕಾಲದಲ್ಲಿ ಮಾಡಿದ ಮಾದರಿಯ ಹಾದಿಯಲ್ಲಿ ಬಂದದ್ದು. ಬ್ರೌನಿಂಗ್ 1926ರಲ್ಲಿ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯಲ್ಲಿ ಕೆಲಸದಲ್ಲಿರುವಾಗಲೇ ತೀರಿಕೊಂಡರು. ಅದನ್ನು ಮುಗಿಸಿದ್ದು ದ್ಯೂಡೊನ್ನೆ ಸೇವ್. 1935ರಲ್ಲಿ ಹೊರಬಂತು. 13 ಗುಂಡಿನ ಜೋಡಿ ಸಾಲಿನ ಮ್ಯಾಗಜೀನ್ ಆ ಕಾಲಕ್ಕೆ ದೊಡ್ಡ ವಿಷಯ, ಅದೂ ಹಿಡಿ ದಪ್ಪ ಆಗದ ಹಾಗೆ.

1911ರಲ್ಲಿ ಬ್ಯಾರೆಲ್ ಕೆಳಗಿಳಿಸಲು ಒಂದು ತೂಗಾಡುವ ಲಿಂಕ್ ಇದೆ. ಹೈ-ಪವರ್‌ನಲ್ಲಿ ಲಿಂಕ್ ಇಲ್ಲ, ಬ್ಯಾರೆಲ್ ಕೆಳಗೇ ಕೊರೆದ ಓರೆ ಹಾದಿ ಇದೆ. ಮುರಿಯೋ ಭಾಗ ಒಂದು ಕಡಿಮೆ, ಬುಷಿಂಗ್ ತೆಗೆಯೋ ಗೋಜೂ ಇಲ್ಲ. ಪ್ಲಾಸ್ಟಿಕ್ ಪಕ್ಷದವರೇ, ನಿಮ್ಮ ಗ್ಲಾಕ್ ಬ್ಯಾರೆಲ್ ಬಾಗಿ ಲಾಕ್ ಬಿಡೋದೂ ಇದೇ ಓರೆಯ ಮೇಲೆ. ಹಳೇದನ್ನು ಬೈಯುವಾಗ ಸ್ವಲ್ಪ ನೋಡಿಕೊಂಡು ಬೈಯಿರಿ.

ಬಿಚ್ಚುವ ಕ್ರಮ: ಮ್ಯಾಗಜೀನ್ ತೆಗೆಯಿರಿ, ಚೇಂಬರ್ ಕಣ್ಣಲ್ಲೂ ಬೆರಳಲ್ಲೂ ನೋಡಿ. ಸ್ಲೈಡ್ ಹಿಂದಕ್ಕೆಳೆದು ಥಂಬ್ ಸೇಫ್ಟಿಯನ್ನು (ಹೆಬ್ಬೆರಳಿನ ತಡೆ) ಸ್ಲೈಡಿನ ಮುಂದಿನ ಕಚ್ಚಿಗೆ ಸಿಕ್ಕಿಸಿ. ಬಲಗಡೆಯಿಂದ ಪಿನ್ ಒತ್ತಿ ಸ್ಲೈಡ್ ಸ್ಟಾಪ್ ಹೊರಗೆ. ಸ್ಲೈಡನ್ನು ಕೈಯಲ್ಲಿ ಹಿಡಿದೇ ಸೇಫ್ಟಿ ಬಿಡಿ, ಮುಂದಕ್ಕೆ ಜಾರಿಸಿ ತೆಗೆಯಿರಿ. ಸ್ಪ್ರಿಂಗ್ ಮತ್ತು ಗೈಡ್ ಬ್ಯಾರೆಲ್ ಕಾಲಿನಿಂದ ಬಿಡಿಸಿ, ಬ್ಯಾರೆಲ್ ಹಿಂದಿನಿಂದ ಹೊರಬರುತ್ತೆ. ಸಾಧನ ಏನೂ ಬೇಡ.

ದೋಷವೂ ಹೇಳಬೇಕಲ್ಲ. ಟ್ರಿಗರ್. 1911ರಲ್ಲಿ ಹೇಳಿದ ನೇರ ದಾರಿ ಇಲ್ಲಿಲ್ಲ. ಟ್ರಿಗರ್ ಒಂದು ಸನ್ನೆಯನ್ನು ಮೇಲಕ್ಕೆ ತಳ್ಳಬೇಕು, ಅದು ಸ್ಲೈಡಿನೊಳಗಿನ ಇನ್ನೊಂದು ಸನ್ನೆಯನ್ನು ಎತ್ತಬೇಕು, ಅದು ಹಿಂದೆ ಸಿಯರ್ ಒತ್ತಬೇಕು. ಇದರ ಜೊತೆಗೆ ಮ್ಯಾಗಜೀನ್ ಇಲ್ಲದಿದ್ದರೆ ಹೊಡೆಯದ ಹಾಗೆ ಒಂದು ತಡೆ ಇದೆ. ಅದರ ಗೂಟ ಮ್ಯಾಗಜೀನಿನ ಮುಖಕ್ಕೆ ಉಜ್ಜಿಕೊಂಡೇ ಟ್ರಿಗರ್ ಚಲಿಸೋದು. ಎಳೆದಾಗ ಮರಳು ಸಿಕ್ಕ ಹಾಗೆ ಅನಿಸೋದು ಈ ಉಜ್ಜಾಟ. ಬಹಳ ಜನ ತಡೆಯನ್ನೇ ಕಿತ್ತು ಬಿಸಾಡ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಬೇಡ. ಸುರಕ್ಷತೆಗಾಗಿ ಇಟ್ಟ ಭಾಗ ತೆಗೆದ ಪಿಸ್ತೂಲು ಇನ್ನೊಬ್ಬನ ಕೈಗೆ ಹೋದಾಗ ಅವನಿಗೆ ಅದು ಗೊತ್ತಿರಲ್ಲ. ಮ್ಯಾಗಜೀನಿನ ಮುಂಭಾಗದಲ್ಲಿ ಗೂಟ ಉಜ್ಜುವ ಗೆರೆ ಕಾಣುತ್ತೆ, ಅಷ್ಟು ಜಾಗವನ್ನು 600, ಆಮೇಲೆ 1000 ನಂಬರ್ ಪಾಲಿಷ್ ಕಾಗದದಲ್ಲಿ ನುಣುಪು ಮಾಡಿ, ಗೂಟದ ತುದಿಗೆ ಒಂದು ಹನಿ ಎಣ್ಣೆ ಬಿಡಿ. ಅರ್ಧ ಕಾಯಿಲೆ ಹೋಗುತ್ತೆ.

ಇನ್ನೂ ಮೂರು. ಹಳೇ ಮಾದರಿಯ ಥಂಬ್ ಸೇಫ್ಟಿ ಕಡಲೆಬೇಳೆಯಷ್ಟು, ಬೆರಳಿಗೆ ಸಿಗಲ್ಲ. ದಪ್ಪ ಅಂಗೈಯವರಿಗೆ ಹ್ಯಾಮರ್ ಬಂದು ಹೆಬ್ಬೆರಳಿನ ಬುಡ ಕಚ್ಚುತ್ತೆ. ಹಳೇ ಬ್ಯಾರೆಲ್‌ನ ರ‍್ಯಾಂಪಿನಲ್ಲಿ (ಗುಂಡು ಚೇಂಬರಿಗೆ ಏರೋ ಇಳಿಜಾರು) ಒಂದು ಉಬ್ಬು ಇತ್ತು. ಅದಕ್ಕೆ ದುಂಡು ಮೂತಿಯ ಬಾಲ್ ಗುಂಡು ಸರಾಗ, ಚಪ್ಪಟೆ ಅಥವಾ ಟೊಳ್ಳು ಮೂತಿಯದು ಸಿಕ್ಕಿಕೊಳ್ಳುತ್ತೆ.

ಪ್ಲಾಸ್ಟಿಕ್_ಪಕ್ಷ:
ಸರ್, ಬ್ರಿಟಿಷರು 2013ರಲ್ಲಿ ಹೈ-ಪವರ್ ಬಿಟ್ಟು ಗ್ಲಾಕ್ 17 ತಗೊಂಡ್ರು ಅನ್ನೋದನ್ನ ಮರೆತು ಬಿಟ್ರಾ? 🙂

ಮಾಜಿ_ಆರ್ಮರರ್:
ಮರೆತಿಲ್ಲ. ಸಾವಿರಾರು ಜನರಿಗೆ ತರಬೇತಿ ಕೊಟ್ಟು ಹಂಚಬೇಕಾದವನಿಗೆ ಗ್ಲಾಕ್ ಸರಿ. ಈ ಚರ್ಚೆಯ ಪ್ರಶ್ನೆ ಶೂಟರ್‌ಗಳ ಬಗ್ಗೆ. ಎಫ್‌ಎನ್ ಸಹ 2017ರ ಹೊತ್ತಿಗೆ ನಿಲ್ಲಿಸಿ, 2022ರಲ್ಲಿ ಹೈ-ಪವರ್ ಹೆಸರಲ್ಲಿ ಮತ್ತೆ ಶುರು ಮಾಡಿತು. ಅದಕ್ಕೆ ಮುಂಚೆಯೇ 2021ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಎಸ್‌ಎ-35 ಬಂತು, ಅದರಲ್ಲಿ ಆ ಮ್ಯಾಗಜೀನ್ ತಡೆಯೇ ಇಲ್ಲ. ಕೊಳ್ಳೋರಿಲ್ಲದೆ ಯಾರೂ ಮಾಡಲ್ಲ.

ಬ್ರನೋ_ಭಟ್ರು:
ಸಿಝೆಡ್ ವಿಷಯಕ್ಕೆ ಯಾರೂ ಬರಲೇ ಇಲ್ಲ ಮಾರಾಯ್ರೆ. 1975ರಲ್ಲಿ ಕೌಟ್ಸ್‌ಕಿ ಸಹೋದರರು ಮಾಡಿದ್ದು ಇದು. ಹೆಚ್ಚಿನ ಪಿಸ್ತೂಲಿನಲ್ಲಿ ಸ್ಲೈಡ್ ಫ್ರೇಮನ್ನು ಹೊರಗಿನಿಂದ ತಬ್ಬಿಕೊಂಡಿರ್ತದೆ. ಇಲ್ಲಿ ಉಲ್ಟಾ, ಫ್ರೇಮ್‌ನ ಹಳಿಯ ಒಳಗೆ ಸ್ಲೈಡ್ ಓಡುವುದು. ಹಳಿ ಉದ್ದ ಸಿಗ್ತದೆ, ಸ್ಲೈಡ್ ಅಲುಗಾಟ ಕಡಿಮೆ, ಬ್ಯಾರೆಲ್ ಕೈಗೆ ಹತ್ತಿರ ಕೂರ್ತದೆ. ಈ ಉಪಾಯ ಅವರ ಸ್ವಂತದ್ದಲ್ಲ. 1949ರಲ್ಲಿ ಸ್ವಿಸ್ ಸೇನೆಗೆ ಹೋದ ಸಿಗ್ ಪಿ210ರಲ್ಲಿಯೂ ಉಂಟು, ಅದು ಶಾರ್ಲ್ ಪೆಟೆ ಮಾಡಿದ ಫ್ರೆಂಚ್ ಪಿಸ್ತೂಲಿನಿಂದ ಬಂದದ್ದು. ಪಿ210ರ ನಿಖರತೆಗೆ ಈಗಲೂ ಜನ ಸಾಲ ಮಾಡಿ ಕೊಳ್ಳುವವರಿದ್ದಾರೆ. ಮ್ಯಾಗಜೀನ್ ಬಿಡಿಸುವ ಕೀಲಿ ಮಾತ್ರ ಹಿಡಿಯ ತಳದಲ್ಲಿ, ಎರಡೂ ಕೈ ಬೇಕು. ಅವಸರದ ಸ್ಪರ್ಧೆಗೆ ಆಗುವುದಿಲ್ಲ.

ಸಿಝೆಡ್ 75ರ ಇನ್ನೊಂದು ಅನುಕೂಲ: ಮೊದಲ ಗುಂಡು ಡಬಲ್ ಆಕ್ಷನ್‌ನಲ್ಲಿ, ಅಂದರೆ ಟ್ರಿಗರ್ ಎಳೆತದಲ್ಲೇ ಹ್ಯಾಮರ್ ಎದ್ದು ಬೀಳುವ ಹಾಗೆ, ಹೊಡೆಯಬಹುದು. ಬೇಡ ಎಂದರೆ 1911ರ ಹಾಗೆ ಹ್ಯಾಮರ್ ಎಳೆದು ಸೇಫ್ಟಿ ಹಾಕಿ ಇಡಬಹುದು. ಎರಡೂ ಉಂಟು. ಬೆರೆಟ್ಟಾದಲ್ಲಿ ಸೇಫ್ಟಿ ಇಳಿಸಿದರೆ ಹ್ಯಾಮರ್ ಬೀಳ್ತದೆ, ಹಾಗಲ್ಲ ಇದು.

ಬಿಚ್ಚುವಾಗ ಸ್ಲೈಡಿನ ಹಿಂದೆ ಮತ್ತು ಫ್ರೇಮಿನಲ್ಲಿ ಒಂದೊಂದು ಗೀಟು ಕಾಣ್ತದೆ. ಸ್ಲೈಡನ್ನು ಸ್ವಲ್ಪ ಹಿಂದೆ ತಂದು ಎರಡೂ ಗೀಟು ನೇರ ಮಾಡಿ, ಬಲಗಡೆಯಿಂದ ಸ್ಲೈಡ್ ಸ್ಟಾಪ್ ಒತ್ತಿದರೆ ಆಯ್ತು. ಬಿಗಿ ಇದ್ದರೆ ಮ್ಯಾಗಜೀನಿನ ತಳದಲ್ಲಿ ಮೆಲ್ಲ ತಟ್ಟಿ, ಸುತ್ತಿಗೆ ಬೇಡ.

ಕೈಕೊಡುವ ಭಾಗ ಎರಡು. ಒಂದು ಅದೇ ಸ್ಲೈಡ್ ಸ್ಟಾಪ್. ಬ್ಯಾರೆಲ್ ಓರೆಯ ಪೆಟ್ಟು ಪೂರ್ತಿ ಅದರ ಪಿನ್ನಿಗೆ. ಸಾವಿರಾರು ಗುಂಡಿನ ನಂತರ ಬಿರುಕು ಬಿಡ್ತದೆ, ತುಂಡಾದರೆ ಪಿಸ್ತೂಲು ನಿಂತೇ ಹೋಯ್ತು. ಪ್ರತಿ ಸಲ ಬಿಚ್ಚಿದಾಗ ಪಿನ್ನನ್ನು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಕೂದಲೆಳೆಯಷ್ಟು ಗೆರೆ ಕಂಡರೂ ಬದಲಿಸಿ. ಇನ್ನೊಂದು ಟ್ರಿಗರ್ ರಿಟರ್ನ್ ಸ್ಪ್ರಿಂಗ್. ಅದು ಮುರಿದರೆ ಟ್ರಿಗರ್ ಸತ್ತ ಹಾಗೆ ನೇತಾಡ್ತದೆ. ಡ್ರೈ ಫೈರ್ (ಗುಂಡಿಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ) ಜಾಸ್ತಿ ಮಾಡುವವರಿಗೆ ಇದು ಬೇಗ. ಇವೆರಡು ಬಿಡಿಭಾಗ ಕಿಟ್ಟಿನಲ್ಲಿ ಇಲ್ಲದೆ ಐಪಿಎಸ್‌ಸಿ (ಓಡಾಡಿ ಅವಸರದಲ್ಲಿ ಹೊಡೆಯುವ) ಪಂದ್ಯಕ್ಕೆ ಹೋಗುವುದು ಹುಚ್ಚುತನ ಆಯ್ತಾ. ಒದ್ದೆ ಕೈಯವರಿಗೆ ಮತ್ತೊಂದು ತೊಂದರೆ: ಸ್ಲೈಡ್ ಒಳಗಿರುವುದರಿಂದ ಹಿಡಿದು ಎಳೆಯಲು ಸಿಗುವುದೇ ಒಂದು ಬೆರಳಿನಷ್ಟು ಎತ್ತರ.

ಹತ್ತರ_ಉಂಗುರ:
.22ರಲ್ಲಿ ಇಂಥ ಹಳೇ ಡಿಸೈನ್ ಯಾವುದು? ನನಗೆ ಹತ್ತಿರದ್ದು ಅದೇ ಅಲ್ವಾ.

ಒಹಾಯೋ_ಹೆಗಡೆ:
ರೂಗರ್ ಸ್ಟ್ಯಾಂಡರ್ಡ್, 1949. ಆ ಕಂಪನಿಯ ಮೊದಲ ಸರಕೇ ಅದು, ಆಗ 37.50 ಡಾಲರ್. ಮಾರ್ಕ್ I, II, III ಅಂತ ಬೆಳೀತು. ಎಲ್ಲದರದ್ದೂ ಒಂದೇ ಗೋಳು, ಬಿಚ್ಚೋದು ಸುಲಭ, ಜೋಡಿಸೋದು ತಲೆನೋವು. ಜೋಡಿಸುವಾಗ ಹ್ಯಾಮರ್ ಕಡ್ಡಿ ಮೇನ್‌ಸ್ಪ್ರಿಂಗ್ ಡಬ್ಬಿಯ ಬಟ್ಟಲಲ್ಲೇ ಕೂರಬೇಕು. ಅದಕ್ಕೆ ಮೊದಲು ಹ್ಯಾಮರ್ ಪೂರ್ತಿ ಇಳಿದಿರಬೇಕು, ಪಿಸ್ತೂಲಿನ ಮೂತಿಯನ್ನು ಮೇಲೆ-ಕೆಳಗೆ ಓಲಿಸಿ ಕಡ್ಡಿ ತಾನಾಗಿ ತೂಗಿ ಜಾಗಕ್ಕೆ ಬರೋ ಹಾಗೆ ಮಾಡಬೇಕು. ಡಬ್ಬಿ ಮುಚ್ಚಿದ ಮೇಲೆ ಬೋಲ್ಟ್ ಎಳೆದು ನೋಡಿ. ಪೂರ್ತಿ ಹಿಂದೆ ಬಂದರೆ ಸರಿ. ಅರ್ಧಕ್ಕೆ ನಿಂತರೆ ಕಡ್ಡಿ ತಪ್ಪಿದೆ, ಬಲ ಹಾಕಬೇಡಿ, ಮತ್ತೆ ಬಿಚ್ಚಿ. 2016ರ ಮಾರ್ಕ್ IVರಲ್ಲಿ ಹಿಂದೆ ಒಂದು ಗುಂಡಿ ಒತ್ತಿದರೆ ಮೇಲಿನ ಭಾಗ ಮಡಚಿಕೊಂಡು ಬಿಡುತ್ತೆ. 67 ವರ್ಷ ಬೇಕಾಯ್ತು ಅಷ್ಟಕ್ಕೆ!

ಸ್ಮಿತ್ ಅಂಡ್ ವೆಸನ್ ಮಾಡೆಲ್ 41 ಕೂಡ ಇದೇ ಸಾಲಿನದು, 1957. ಟ್ರಿಗರ್ ಬೆಣ್ಣೆ. ಗುಂಡಿನ ಬ್ರ್ಯಾಂಡ್ ವಿಷಯದಲ್ಲಿ ಮಾತ್ರ ಹಟಮಾರಿ. ಹೈ ವೆಲಾಸಿಟಿ ಬೇಡ, ಸ್ಟ್ಯಾಂಡರ್ಡ್ ವೆಲಾಸಿಟಿಯಲ್ಲೇ ನಾಲ್ಕೈದು ಬಗೆ ತಂದು ಯಾವುದು ಒಪ್ಪುತ್ತೆ ನೋಡಿ.

ಡಲ್ಲಾಸ್_ಫಿಟ್ಟರ್:
1911 ಬಿಚ್ಚೂದನ್ನ ಯಾರೂ ಹೇಳಲಿಲ್ಲ, "ಸೀಲಿಂಗಿಗೆ ಹಾರತೈತಿ" ಅಂತ ಹೆದರಿಸಿ ಬಿಟ್ಟರ ಹೆಂಗ? ಕಣ್ಣಿಗೆ ಕನ್ನಡಕ ಹಾಕ್ರಿ. ಮ್ಯಾಗಜೀನ್ ಹೊರಗ, ಚೇಂಬರ್ ಖಾಲಿ. ಬ್ಯಾರೆಲ್ ಕೆಳಗಿನ ಪ್ಲಗ್ಗನ್ನ ಹೆಬ್ಬೆರಳಿಂದ ಒಳಗ ಒತ್ತಿ ಹಿಡಿದು ಬುಷಿಂಗ್ ಕಾಲು ಸುತ್ತು ತಿರುಗಿಸ್ರಿ. ಪ್ಲಗ್ಗಿನ ಮ್ಯಾಲಿನ ಹೆಬ್ಬೆರಳನ್ನ ಮೆಲ್ಲಕ ಬಿಡ್ರಿ, ಒಮ್ಮೆಲೇ ಅಲ್ಲ. ಸ್ಲೈಡಿನ ಸಣ್ಣ ಅರ್ಧಚಂದ್ರ ಕಚ್ಚು ಸ್ಲೈಡ್ ಸ್ಟಾಪ್ ಮೂಗಿಗೆ ನೇರ ಬರೂತನಕ ಹಿಂದ ಎಳೆದು, ಬಲಕ್ಕಿನಿಂದ ಪಿನ್ ಒತ್ತಿ, ಎಡಕ್ಕಿನಿಂದ ತೆಗೀರಿ. ಸ್ಲೈಡ್ ಮುಂದ ಜಾರಿಸಿ ಹೊರಗ. ಸ್ಪ್ರಿಂಗ್, ಗೈಡ್ ಹಿಂದಿನಿಂದ. ಬುಷಿಂಗ್ ಈ ಸಲ ಆಚಿ ಕಡೆ ತಿರುಗಿಸಿ ತೆಗೆದು, ಲಿಂಕ್ ಮುಂದ ಮಡಚಿ ಬ್ಯಾರೆಲ್ ಮುಂದಿನಿಂದ ಎಳೀರಿ.

ಜೋಡಿಸೂವಾಗ ಎಡಗಡೆ ಫ್ರೇಮಿನ ಮ್ಯಾಲೆ ಕಮಾನಿನಂಥ ಗೀರು ಬೀಳತೈತಲ್ಲ, ಅದನ್ನ "ಪೆದ್ದನ ಗೀರು" ಅಂತಾರ. ಸ್ಲೈಡ್ ಸ್ಟಾಪನ್ನ ಅರ್ಧ ಸಿಕ್ಕಿಸಿ ಕೆಳಗಿನಿಂದ ಮ್ಯಾಲೆ ತಿರುವಿದರ ಬೀಳೂದು ಅದು. ಪಿನ್ ಪೂರ್ತಿ ಒಳಗ ತೂರಿಸಿ, ಸ್ಟಾಪಿನ ಹಿಂದಿನ ತುದಿ ಪ್ಲಂಜರಿನ ಕೆಳಗ ಬರೂ ಹಂಗ ಹಿಡಿದು, ಆ ಕಚ್ಚು ನೇರ ಇದ್ದಾಗ ಒಳಕ್ಕ ನೇರ ಒತ್ತಿದರ ಪ್ಲಂಜರ್ ತಾನಾ ಹಿಂದ ಸರೀತೈತಿ. ಮೊದಲ ಕೆಲವು ಸಲ ಆ ಜಾಗಕ್ಕ ಒಂದು ತುಂಡು ಟೇಪ್ ಅಂಟಿಸ್ರಿ.

ಎಣ್ಣಿ: ಹಳಿಗೆ, ಬ್ಯಾರೆಲ್ ಹುಡ್ ಮ್ಯಾಲೆ, ಲಾಕಿಂಗ್ ಲಗ್‌ಗೆ, ಬುಷಿಂಗ್ ಒಳಗ, ಡಿಸ್ಕನೆಕ್ಟರ್ ತಲಿಗೆ ಒಂದು ಹನಿ. 1911 ಒಣಗಿದರ ನಡಿಯೂದಿಲ್ಲ. ಸೀಸದ ಗುಂಡು ಹೊಡಿಯೂರು ಚೇಂಬರಿನ ಅಂಚಿನಾಗ ಸೀಸದ ಉಂಗುರ ಕೂತೈತೇನು ನೋಡ್ರಿ, ಸ್ಲೈಡ್ ಪೂರ್ತಿ ಮುಚ್ಚದೇ ಇರೂದಕ್ಕ ಅದೂ ಒಂದು ಕಾರಣ. ಆಮ್ಯಾಲೆ ಕೈ ತೊಳೆದ ಮ್ಯಾಲೆನಾ ಊಟ.

ಹತ್ತರ_ಉಂಗುರ:
ಜೋಡಿಸಿದ ಮೇಲೆ ಸರಿ ಇದೆ ಅಂತ ತಿಳ್ಕೊಳ್ಳೋದು ಹೇಗೆ?

ಮಾಜಿ_ಆರ್ಮರರ್:
ಖಾಲಿ ಪಿಸ್ತೂಲಿನಲ್ಲಿ, ಗೋಡೆಯಾಚೆ ಯಾರೂ ಇಲ್ಲದ ದಿಕ್ಕಿಗೆ ಹಿಡಿದು. ಹ್ಯಾಮರ್ ಎಳೆದು ಥಂಬ್ ಸೇಫ್ಟಿ ಹಾಕಿ, ಟ್ರಿಗರ್ ಗಟ್ಟಿಯಾಗಿ ಎಳೆಯಿರಿ, ಬಿಡಿ. ಈಗ ಸೇಫ್ಟಿ ಇಳಿಸಿ, ಟ್ರಿಗರ್ ಮುಟ್ಟಬೇಡಿ. ಇಳಿಸುವಾಗ ಹ್ಯಾಮರ್ ಬೀಳಬಾರದು, ಹೆಬ್ಬೆರಳಿನಿಂದ ಹ್ಯಾಮರನ್ನು ಮೆಲ್ಲ ಹಿಂದಕ್ಕೆಳೆದರೆ "ಟಿಕ್" ಅಂತ ಸಿಯರ್ ಮತ್ತೆ ಕೂರುವ ಸದ್ದು ಬರಬಾರದು. ಸದ್ದು ಬಂದರೆ ಸೇಫ್ಟಿ ಹಾಕಿದ್ದಾಗಲೂ ಸಿಯರ್ ಒಂದಿಷ್ಟು ಸರಿದಿದೆ ಅಂತ ಅರ್ಥ. ಗ್ರಿಪ್ ಸೇಫ್ಟಿ (ಹಿಡಿಯ ಹಿಂದಿನ ತಡೆ) ಒತ್ತದೆ ಹಿಡಿದು ಅದೇ ಪರೀಕ್ಷೆ ಮಾಡಿ. ಆಮೇಲೆ ಸ್ಲೈಡನ್ನು ಕಾಲು ಇಂಚು ಹಿಂದೆ ಹಿಡಿದು ಟ್ರಿಗರ್ ಎಳೆಯಿರಿ, ಹ್ಯಾಮರ್ ಬೀಳಬಾರದು, ಅದು ಡಿಸ್ಕನೆಕ್ಟರ್ ಕೆಲಸ.

ಸ್ಲೈಡ್ ಮುಚ್ಚಿದಾಗ ಹ್ಯಾಮರ್ ತಾನೇ ಹಿಂಬಾಲಿಸಿ ಬಂದು ಹಾಫ್ ಕಾಕ್‌ನಲ್ಲಿ (ಅರ್ಧ ದಾರಿಯ ತಡೆಯಲ್ಲಿ) ನಿಂತರೆ ಅಲ್ಲಿಗೇ ನಿಲ್ಲಿಸಿ. ಗುಂಡು ತುಂಬಲೇಬೇಡಿ. ಯಾರೋ ಟ್ರಿಗರ್ ಹಗುರ ಮಾಡಲು ಹೋಗಿ ಸಿಯರ್ ಮೂತಿ ತಿಕ್ಕಿ ಹಾಳು ಮಾಡಿರ್ತಾರೆ, ಅಥವಾ ಮೂರು ಎಲೆಯ ಸ್ಪ್ರಿಂಗಿನ ಎಡ ಎಲೆ ಸೋತಿರುತ್ತೆ. ಸಿಯರ್ ಮತ್ತು ಹ್ಯಾಮರ್ ಕೊಕ್ಕೆ ಜಿಗ್ ಇರುವ ಗನ್‌ಸ್ಮಿತ್ ಕೈಯಲ್ಲೇ ಆಗಬೇಕಾದ ಕೆಲಸ, ಅಡುಗೆಮನೆ ಟೇಬಲ್ಲಿನದಲ್ಲ. ಒಳ್ಳೇ ಟ್ರಿಗರ್ ಕೆಲಸ ಆಗಿರೋ ಪಿಸ್ತೂಲಿನಲ್ಲಿ ಖಾಲಿ ಚೇಂಬರಿನ ಮೇಲೆ ಸ್ಲೈಡನ್ನು ಧಡಕ್ಕನೆ ಬಿಡಬೇಡಿ, ಕೈಯಲ್ಲಿ ಹಿಡಿದು ಮುಚ್ಚಿ.

ಪ್ಲಾಸ್ಟಿಕ್_ಪಕ್ಷ:
ಇಷ್ಟು ಕೆಲಸ ಇರೋದನ್ನೇ ನೀವೆಲ್ಲ ಇಷ್ಟಪಡ್ತೀರಿ ಅನ್ನೋದು ಈಗ ಅರ್ಥ ಆಯ್ತು. ನನ್ನ ಗ್ಲಾಕ್‌ನಲ್ಲಿ ಟ್ರಿಗರ್ ಮೆತ್ತಗಿದೆ ಅಂತ ದೂರಿದರೆ ಮಾಡೋಕೆ ಏನೂ ಇಲ್ಲ, ಕನೆಕ್ಟರ್ ಬದಲಿಸಬಹುದು ಅಷ್ಟೇ.

ಒಹಾಯೋ_ಹೆಗಡೆ:
ಅಂತೂ ಹತ್ತಿರ ಬಂದ್ರಿ. ಟ್ರಿಗರ್ ಉದ್ದ ಬೇಕಾ, ಗಿಡ್ಡ ಬೇಕಾ, ಹಿಡಿಯ ಹಿಂದಿನ ಮೇನ್‌ಸ್ಪ್ರಿಂಗ್ ಹೌಸಿಂಗ್ ಚಪ್ಪಟೆ ಇರಬೇಕಾ, ಉಬ್ಬಿರಬೇಕಾ, ಪ್ರತಿಯೊಂದೂ ಕೈಯ ಅಳತೆಗೆ ಬದಲಾಗುತ್ತೆ. 1926ರಲ್ಲಿ 1911ಎ1 ಮಾಡಿದಾಗ ಸೇನೆಯೇ ಇದನ್ನು ಮಾಡಿತ್ತು: ಟ್ರಿಗರ್ ಗಿಡ್ಡ, ಹೌಸಿಂಗ್ ಉಬ್ಬು, ಟ್ರಿಗರ್ ಹಿಂದೆ ಫ್ರೇಮ್ ಕೆತ್ತಿ ಬೆರಳಿಗೆ ಜಾಗ, ಗ್ರಿಪ್ ಸೇಫ್ಟಿ ಬಾಲ ಉದ್ದ. ಸ್ಪರ್ಧೆಯವರಲ್ಲಿ ಬಹಳ ಜನ ಈಗ ಮತ್ತೆ ಉದ್ದ ಟ್ರಿಗರ್, ಚಪ್ಪಟೆ ಹೌಸಿಂಗಿಗೆ ವಾಪಸ್ ಹೋಗಿದ್ದಾರೆ. ಉಬ್ಬಿದ ಹೌಸಿಂಗ್ ಮೂತಿಯನ್ನು ಮೇಲೆತ್ತುತ್ತೆ.

ಹತ್ತರ_ಉಂಗುರ:
ಕೊನೇ ಪ್ರಶ್ನೆ, ನಾವು ಭಾರತದಲ್ಲಿ ಇರೋರು ಇದನ್ನೆಲ್ಲ ಓದಿ ಏನು ಮಾಡೋದು?

ಮಾಜಿ_ಆರ್ಮರರ್:
9 ಎಂಎಂ ಮತ್ತು .45 ಎರಡೂ ಇಲ್ಲಿ ಪ್ರೊಹಿಬಿಟೆಡ್ ಬೋರ್. ಸಾಮಾನ್ಯ ಲೈಸೆನ್ಸಿಗೆ ಸಿಗಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡು ಬಂದೂಕಿನ ಮಿತಿ, ಮಾನ್ಯತೆ ಪಡೆದ ಸ್ಪರ್ಧಾಳುಗಳಿಗೆ ಬೇರೆ ವಿನಾಯಿತಿ ಇದೆ. ನೀವು .22ರಲ್ಲೇ ಇರೋದರಿಂದ ನಿಮಗೆ ನೇರ ಉಪಯೋಗಕ್ಕೆ ಬರೋದು ಮ್ಯಾಗಜೀನ್ ನಂಬರ್ ಹಾಕೋದು, ಸ್ಪ್ರಿಂಗ್ ಬದಲಿಸಿದ ದಿನ ಡೈರಿಯಲ್ಲಿ ಬರೆಯೋದು, ಎಕ್ಸ್‌ಟ್ರಾಕ್ಟರ್ ಕೊಕ್ಕೆ ಒಳಗೆ ಮೇಣ ಕಟ್ಟಿದೆಯಾ ಅಂತ ನೋಡೋದು. .22 ಗುಂಡಿನ ಮೇಣ ಅಲ್ಲೇ ಕೂರೋದು, ಹಲ್ಲುಜ್ಜೋ ಬ್ರಷ್ ಮತ್ತು ಒಂದು ಮರದ ಕಡ್ಡಿ ಸಾಕು. ಉಕ್ಕಿನ ಸೂಜಿ ಹಾಕಿ ಕೆರೆಯಬೇಡಿ.

ಡಲ್ಲಾಸ್_ಫಿಟ್ಟರ್:
ಮತ್ತ .22 ಡ್ರೈ ಫೈರ್ ಮಾಡೂ ಮೊದಲು ಮ್ಯಾನ್ಯುಯಲ್ ಓದ್ರಿ ಮೇಡಂ. ಕೆಲವು ಹಳೇ .22ರಾಗ ಪಿನ್ ಬಂದು ಚೇಂಬರಿನ ಅಂಚಿಗೇ ಬಡೀತೈತಿ, ಆಮ್ಯಾಲೆ ಕೇಸ್ ಹೊರಗ ಬರೂದಿಲ್ಲ.